ಅತಿವೃಷ್ಟಿ–ಅನಾವೃಷ್ಟಿ: ನಮ್ಮ ಸೀಮೆಯ ನೆನಪು ಮತ್ತು ದಾಖಲೆ

ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡತೆ, ಗಿಳಿ, ಗಡಿಗೆ ಬಂದು ನಿಂತ ಪರರಾಜ – ಈ ಆರನ್ನು ನಮ್ಮ ಪ್ರಾಚೀನರು 'ಈತಿ' ಎಂದು ಕರೆದು ನಾಡನ್ನು ಕಾಡುವ ಬಾಧೆಗಳ ಸಾಲಿನಲ್ಲಿ ಇರಿಸಿದರು. ಕಾವ್ಯಗಳ ನಾಡವರ್ಣನೆಯಲ್ಲಿ ಈತಿಬಾಧೆಯಿಲ್ಲದ ದೇಶವೆಂಬ ಮಾತು ಬಂದಾಗಲೆಲ್ಲ ಆ ಸಮಾಸವನ್ನು ಬಿಡಿಸಿ, ಆರನ್ನೂ ಬೆರಳೆಣಿಸಿ ಹೇಳುವುದು ಕನ್ನಡ ಪಂಡಿತನ ನಿತ್ಯಕರ್ಮಗಳಲ್ಲಿ ಒಂದು. ನಾನೂ ಮೂರು ದಶಕಗಳಿಂದ ಹಾಗೆಯೇ ಹೇಳುತ್ತ ಬಂದವನು. ಆದರೆ ಈ ಪಟ್ಟಿಯ ಮೊದಲೆರಡು ಪದಗಳು ಪರಸ್ಪರ ವಿರುದ್ಧಾರ್ಥಕಗಳಾಗಿಯೂ ಒಂದೇ ವರ್ಷದಲ್ಲಿ, ಒಂದೇ ಊರಿನಲ್ಲಿ, ಒಂದೇ ಹೊಳೆಯ ಪಾತ್ರದಲ್ಲಿ ಕೂಡಿ ಬರಬಲ್ಲವೆಂಬುದು ೨೦೧೯ನೆಯ ಇಸವಿಯ ತನಕ ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ.

ಆ ವರ್ಷದ ಬೇಸಗೆಯನ್ನು ಈ ಭಾಗದ ಓದುಗರು ಮರೆತಿರಲಾರರು. ಮೇ ತಿಂಗಳಿನಲ್ಲಿ ಕೃಷ್ಣೆಯ ಪಾತ್ರ ಬತ್ತಿ ಬಂಡೆ, ಮರಳು, ಒಡೆದ ಕೆಸರು ಬಯಲಿಗೆ ಬಿದ್ದವು. ಹೊಳೆಯ ದಂಡೆಯಲ್ಲಿಯೇ ಹುಟ್ಟಿ ಬೆಳೆದವರು ಕುಡಿಯುವ ನೀರಿಗಾಗಿ ಟ್ಯಾಂಕರಿನ ಹಾದಿ ಕಾಯ್ದರು. ಮಹಾರಾಷ್ಟ್ರದ ಜಲಾಶಯಗಳಿಂದ ನೀರು ಬಿಡಿಸಬೇಕೆಂದು ಅಥಣಿಯಲ್ಲಿ ಅಂಗಡಿಗಳ ಬಾಗಿಲು ಮುಚ್ಚಿ ಬಂದ್ ಆಚರಿಸಲಾಯಿತು. ಜೂನ್ ತಿಂಗಳೂ ಹುಸಿಹೋಯಿತು; ಇಡೀ ದೇಶದಲ್ಲಿ ಆ ತಿಂಗಳ ಮಳೆ ವಾಡಿಕೆಗಿಂತ ನೂರಕ್ಕೆ ೩೩ರಷ್ಟು ಕಡಿಮೆ. ಮುಂದೆ ಆಗಸ್ಟ್ ಮೊದಲ ವಾರ ಆಶ್ಲೇಷಾ ಮಳೆ ಹೂಡಿದೊಡನೆ ಅದೇ ಹೊಳೆ ದಂಡೆ ಮೀರಿ, ಕಬ್ಬಿನ ತೋಟಗಳನ್ನು ದಾಟಿ, ಊರೊಳಗೆ ನುಗ್ಗಿತು. ವೇದಗಂಗೆಯ ನೀರು ನಿಪ್ಪಾಣಿಯ ಬಳಿ ಯಮಗರ್ಣಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯನ್ನೇ ಮುಚ್ಚಿತು. ಟ್ಯಾಂಕರ್ ಬಂದಿದ್ದ ಓಣಿಗಳಿಗೆ ಮೂರು ತಿಂಗಳೊಳಗೆ ದೋಣಿ ಬಂದಿತು. ಆ ವರ್ಷದ ಮುಂಗಾರಿನ ಒಟ್ಟು ಲೆಕ್ಕ ತೆಗೆದಾಗ ದೇಶದ ಮಳೆ ವಾಡಿಕೆಯ ನೂರಕ್ಕೆ ೧೧೦ರಷ್ಟು. ಸರಾಸರಿಯೆಂಬುದು ಎಂತಹ ಮೋಸಗಾರ ಸಂಖ್ಯೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇದರ ಕಾರಣವನ್ನು ಅರಸುವವರು ನಮ್ಮ ತಲೆಯ ಮೇಲಿನ ಆಕಾಶವನ್ನು ನೋಡಿದರೆ ಸಾಲದು; ಭೂಪಟವನ್ನು ಬಿಚ್ಚಬೇಕು. ಕೃಷ್ಣೆಯ ಉಗಮಸ್ಥಾನವಾದ ಮಹಾಬಳೇಶ್ವರದಲ್ಲಿ ವರ್ಷಕ್ಕೆ ಐದೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅಲ್ಲಿಂದ ಅಥಣಿಗೆ ನೆಟ್ಟಗೆ ಗೆರೆಯೆಳೆದರೆ ಸುಮಾರು ಇನ್ನೂರು ಕಿಲೋಮೀಟರ್. ಇಲ್ಲಿಯ ಮಳೆ ಐನೂರು–ಆರುನೂರು ಮಿಲಿಮೀಟರುಗಳ ಆಸುಪಾಸು. ಅರಬ್ಬೀ ಸಮುದ್ರದ ತೇವಗಾಳಿ ಸಹ್ಯಾದ್ರಿಯ ಗೋಡೆಗೆ ತಾಗಿ ಮೇಲಕ್ಕೇರುವಾಗ ತಂಪಾಗಿ ತನ್ನ ಹೊರೆಯನ್ನೆಲ್ಲ ಘಟ್ಟದ ಮೇಲೆಯೇ ಇಳಿಸಿಬಿಡುತ್ತದೆ. ಬೆನ್ನಿನ ಬದಿಗೆ ಇಳಿದು ಬರುವಾಗ ಅದು ಒಣಗಾಳಿ. ಇದನ್ನು ಮಳೆಯ ನೆರಳು ಎನ್ನುತ್ತಾರೆ. ನಿಪ್ಪಾಣಿಯಿಂದ ಹೊರಟು ಚಿಕ್ಕೋಡಿ, ರಾಯಬಾಗಗಳ ಮೇಲೆ ಹಾದು ಅಥಣಿಯ ಪೂರ್ವಕ್ಕೆ ತೆಲಸಂಗದವರೆಗೆ ಹೋದವರಿಗೆ ಈ ನೆರಳು ಹೆಜ್ಜೆಹೆಜ್ಜೆಗೆ ಗಾಢವಾಗುವುದು ಬೆಳೆಗಳಿಂದಲೇ ತಿಳಿಯುತ್ತದೆ.

ಮಳೆ ಅಲ್ಲಿಯೇ ನಿಂತರೂ ಅದರ ನೀರು ನಿಲ್ಲುವುದಿಲ್ಲ. ಕೊಯ್ನೆ ಕರಾಡದಲ್ಲಿ ಕೃಷ್ಣೆಯನ್ನು ಕೂಡುತ್ತದೆ; ವಾರಣೆ ಸಾಂಗ್ಲಿಯ ಬಳಿ; ಪಂಚಗಂಗೆ ನರಸೋಬವಾಡಿಯಲ್ಲಿ. ನಮ್ಮ ಸೀಮೆಗೆ ಕಾಲಿಟ್ಟ ಮೇಲೆ, ವೇದಗಂಗೆಯನ್ನು ಒಡಲಲ್ಲಿಟ್ಟುಕೊಂಡ ದೂಧಗಂಗೆ ಯಡೂರು–ಕಲ್ಲೋಳಗಳ ಸಮೀಪ ಸೇರುತ್ತದೆ. ಇವೆಲ್ಲ ಘಟ್ಟದ ಮಕ್ಕಳು. ಘಟ್ಟದ ಮೇಲೆ ಒಂದೇ ವಾರ ಎಡೆಬಿಡದೆ ಮಳೆಯಾದರೆ ಐದಾರು ಹೊಳೆಗಳ ನೀರು ಒಟ್ಟುಗೂಡಿ ಜುಗೂಳ, ಮಂಗಾವತಿ, ಕೃಷ್ಣಾ ಕಿತ್ತೂರುಗಳ ಬಾಗಿಲಿಗೆ ಬಂದು ನಿಲ್ಲುತ್ತದೆ. ಆ ಹೊತ್ತಿಗೆ ಅಥಣಿಯ ಮಡ್ಡಿಯ ಊರುಗಳಲ್ಲಿ ಬಿತ್ತಿದ ಬೆಳೆಗೆ ತೇವವಿಲ್ಲದೆ ರೈತ ಮುಗಿಲು ನೋಡುತ್ತಿರುವುದೂ ಉಂಟು. ನಮ್ಮ ಜನ ನೆರೆಗೆ 'ಹೊಳಿ ಬಂತು' ಎನ್ನುತ್ತಾರೆ. ಹೊಳೆ ಏರಿತು, ಉಕ್ಕಿತು ಎನ್ನುವುದಿಲ್ಲ; ಬಂತು ಎನ್ನುತ್ತಾರೆ, ಪರಸ್ಥಳದಿಂದ ಬೀಗರು ಬಂದಂತೆ. ವೈಜ್ಞಾನಿಕವಾಗಿ ನೋಡಿದರೂ ಇದಕ್ಕಿಂತ ಸಮರ್ಪಕವಾದ ಕ್ರಿಯಾಪದ ಸಿಗಲಾರದು.

ಬಂದ ನೀರಿನ ಪ್ರಮಾಣವನ್ನು ಮನಸ್ಸಿಗೆ ತಂದುಕೊಳ್ಳಲು ಸಣ್ಣದೊಂದು ಲೆಕ್ಕ ಸಾಕು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು ೨೮ ಲೀಟರ್. ಒಂದು ಲಕ್ಷ ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ೮.೬೪ ಟಿಎಂಸಿ. ೨೦೧೯ರ ಆಗಸ್ಟಿನಲ್ಲಿ ಆಲಮಟ್ಟಿಯಿಂದ ಕೆಳಕ್ಕೆ ಬಿಟ್ಟದ್ದು ಐದು ಲಕ್ಷ ಕ್ಯೂಸೆಕ್ಕಿಗೂ ಮಿಕ್ಕಿ. ೧೨೩ ಟಿಎಂಸಿ ಹಿಡಿಯುವ ಆ ಜಲಾಶಯವನ್ನು ಬರಿದುಮಾಡಿ ಇಟ್ಟಿದ್ದರೂ ಅಷ್ಟು ನೀರು ಮೂರು ದಿನದೊಳಗೆ ತುಂಬಿಬಿಡುತ್ತಿತ್ತು. ೧೦೫ ಟಿಎಂಸಿಯ ಕೊಯ್ನೆಗೆ ಎರಡೂವರೆ ದಿನ ಸಾಕು. ಮೇ ತಿಂಗಳಲ್ಲಿ ನಾವು ಕೈಯೊಡ್ಡಿ ಬೇಡಿದ್ದು ಎರಡು-ಮೂರು ಟಿಎಂಸಿಗಾಗಿ ಎಂಬುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು.

ಇನ್ನು ಬರದ ಮಾತು. ನೆರೆಯನ್ನು ನಮ್ಮವರು ಇಸವಿಯಿಂದ ಗುರುತಿಸುತ್ತಾರೆ, ಬರಕ್ಕೆ ಹೆಸರಿಡುತ್ತಾರೆ. ಹದಿನಾಲ್ಕನೆಯ ಶತಮಾನದ ಕೊನೆಗೆ, ೧೩೯೬ರಿಂದ ಹನ್ನೆರಡು ವರ್ಷ ದಖ್ಖನವನ್ನು ಕಾಡಿತೆಂದು ಪರಂಪರೆ ಹೇಳುವ ಬರ 'ದುರ್ಗಾದೇವಿ'. ಅಥಣಿಯ ಆಚೆಗಿರುವ ಮಂಗಳವೇಢೆಯಲ್ಲಿ ಬಹಮನಿ ಸುಲ್ತಾನರ ಕಣಜವನ್ನು ಹಸಿದವರಿಗೆ ತೆರೆದ ದಾಮಾಜಿಪಂತನ ಕಥೆ ಹದಿನೈದನೆಯ ಶತಮಾನದ ಇನ್ನೊಂದು ಬರಕ್ಕೆ ಅಂಟಿಕೊಂಡು ಬಂದಿದೆ. ೧೭೯೧–೯೨ರದು 'ಡೋಗಿ ಬರ'. ಹೂಳುವವರಿಲ್ಲದೆ ಬಿದ್ದ ತಲೆಬುರುಡೆಗಳಿಂದ ನೆಲ ಬೆಳ್ಳಗಾಗಿತ್ತೆಂದು ಆ ಹೆಸರು ಬಂದುದಾಗಿ ಇಂಗ್ಲಿಷರು ಬರೆದಿಟ್ಟರು. ಇವೆಲ್ಲಕ್ಕೂ ಮಿಗಿಲಾಗಿ ಇಂದಿಗೂ ವೃದ್ಧರ ಬಾಯಲ್ಲಿ ಉಳಿದದ್ದು ಧಾತು–ಈಶ್ವರ ಬರ.

ಧಾತು, ಈಶ್ವರ ಎಂಬುವು ಅರುವತ್ತು ಸಂವತ್ಸರಗಳಲ್ಲಿ ಹತ್ತನೆಯದು ಹಾಗೂ ಹನ್ನೊಂದನೆಯದು; ಕ್ರಿಸ್ತಶಕದಲ್ಲಿ ೧೮೭೬–೭೭ ಮತ್ತು ೧೮೭೭–೭೮. ಆಗ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿದ್ದವು. ಮುಂಗಾರು ಹಿಂಗಾರುಗಳೆರಡೂ ಕೈಕೊಟ್ಟವು. ದಕ್ಷಿಣ ಭಾರತದಲ್ಲಿ ಸತ್ತವರ ಸಂಖ್ಯೆ ಐವತ್ತು ಲಕ್ಷಕ್ಕೂ ಮಿಕ್ಕಿತೆಂದು ಅಂದಾಜು. ೧೮೮೧ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ ಒಂಬತ್ತು ವರ್ಷ ಹಿಂದಿನ ಎಣಿಕೆಗಿಂತ ಕಡಿಮೆಯಾಗಿತ್ತು. ಮಳೆ ತಪ್ಪಿದ್ದು ದೈವದ ಕೈವಾಡವೆಂದು ಒಪ್ಪೋಣ. ಆದರೆ ಪರಿಹಾರ ಕಾಮಗಾರಿಯ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಕೂಲಿ ಸಾಕೆಂದವನು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ. ಒಂದು ಪೌಂಡೆಂದರೆ ಅರ್ಧ ಕಿಲೋಗೂ ಕಡಿಮೆ. ಅದೇ ವರ್ಷಗಳಲ್ಲಿ ಈ ದೇಶದ ಗೋದಿ ಹಡಗೇರಿ ಇಂಗ್ಲೆಂಡಿಗೆ ಸಾಗುತ್ತಿತ್ತು. ಬರವನ್ನು ಆಕಾಶದ ಲೆಕ್ಕಕ್ಕೆ ಮಾತ್ರ ಬರೆಯಕೂಡದೆನ್ನುವುದು ಇದಕ್ಕಾಗಿಯೇ. ಮುಂದೆ ೧೮೮೦ರ ಕ್ಷಾಮ ಆಯೋಗ, ಅದರಿಂದ ಹುಟ್ಟಿದ ಕ್ಷಾಮ ಸಂಹಿತೆಗಳು ಬಂದವು. ಇಂದು ತಾಲೂಕು ಕಚೇರಿಯಲ್ಲಿ ನಡೆಯುವ ಬರದ ಘೋಷಣೆ, ಕಾಮಗಾರಿ, ಮೇವಿನ ವ್ಯವಸ್ಥೆಗಳ ಮೂಲ ಅಲ್ಲಿದೆ.

ಸಂವತ್ಸರದ ಹೆಸರಿನಲ್ಲಿ ಒಂದು ತೊಡಕಿದೆ. ಅರುವತ್ತು ವರ್ಷಕ್ಕೆ ಅದು ಮರುಕಳಿಸುತ್ತದೆ. ೧೯೩೬ರಲ್ಲಿಯೂ ೧೯೯೬ರಲ್ಲಿಯೂ ಧಾತು ಬಂದು ಹೋಯಿತು. ಹೆಸರು ದುಃಖವನ್ನು ಕಾಯ್ದಿಡುತ್ತದೆ, ಅಳತೆಯನ್ನು ಕಾಯ್ದಿಡುವುದಿಲ್ಲ. ಧಾತು ಸಂವತ್ಸರದಲ್ಲಿ ನಮ್ಮ ಊರಿನಲ್ಲಿ ಎಷ್ಟು ಮಳೆಯಾಯಿತು, ಯಾವ ನಕ್ಷತ್ರದಲ್ಲಿ ನಿಂತಿತು, ಬಾವಿಯ ನೀರು ಎಷ್ಟು ಆಳಕ್ಕೆ ಇಳಿಯಿತು ಎಂದು ಕೇಳಿದರೆ ಆ ಹೆಸರು ಬಾಯಿ ಬಿಡದು. ೧೯೭೨ರ ಬರಕ್ಕಂತೂ ಹೆಸರೂ ಉಳಿಯಲಿಲ್ಲ. 'ಎಪ್ಪತ್ತೆರಡರ ಬರ' ಎಂಬ ಅಂಕಿಯಷ್ಟೇ ಉಳಿಯಿತು, ಜತೆಗೆ ಹೊರದೇಶದಿಂದ ಬಂದ ಕೆಂಪು ಜೋಳದ ರೊಟ್ಟಿಯ ನೆನಪು. ನಮ್ಮ ತಾಯಿ ಆ ರೊಟ್ಟಿಯ ಸುದ್ದಿ ಎತ್ತಿದಾಗ ಮುಖ ಸಿಂಡರಿಸುತ್ತಿದ್ದಳು. ಹಸಿವಿನ ವಿಷಯ ಮಾತ್ರ ಎಂದೂ ಎತ್ತಲಿಲ್ಲ.

ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾದದ್ದು ೧೮೭೫ರಲ್ಲಿ, ಧಾತು ಬರದ ಮುಂಚಿನ ವರ್ಷ. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಆ ಭೀಕರ ಅನುಭವದ ಬಳಿಕ, ಹಿಮಾಲಯದ ಹಿಮಕ್ಕೂ ಮುಂಗಾರಿಗೂ ನಂಟಿರಬಹುದೆಂದು ಊಹಿಸಿದನು. ೧೯೦೪ರಲ್ಲಿ ಆ ಪೀಠವನ್ನೇರಿದ ಗಿಲ್ಬರ್ಟ್ ವಾಕರ್ ಮೂಲತಃ ಗಣಿತಜ್ಞ. ಜಗತ್ತಿನ ನಾನಾ ಕಡೆಯ ವಾಯುಭಾರದ ದಾಖಲೆಗಳನ್ನು ಕೂಡಿಸಿ ನೋಡಿ, ಶಾಂತಸಾಗರ ಮತ್ತು ಹಿಂದೂ ಮಹಾಸಾಗರಗಳ ನಡುವೆ ತಕ್ಕಡಿಯಂತೆ ತೂಗುವ ಒಂದು ಚಲನೆಯನ್ನು ಅವನು ಕಂಡುಹಿಡಿದನು. ಪೂರ್ವ ಶಾಂತಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವ ಎಲ್ ನಿನೋ ಎಂಬ ಸ್ಥಿತಿ ಈ ತಕ್ಕಡಿಯ ಒಂದು ತಟ್ಟೆ. ೧೮೭೭, ೧೯೭೨, ೨೦೦೯, ೨೦೨೩ – ಈ ವರ್ಷಗಳಲ್ಲೆಲ್ಲ ಅದು ಕಾಣಿಸಿಕೊಂಡಿತ್ತು. ೨೦೨೩ರಲ್ಲಿ ನಮ್ಮ ರಾಜ್ಯದ ೨೨೩ ತಾಲೂಕುಗಳು ಬರಪೀಡಿತವೆಂದು ಘೋಷಿತವಾದವು. ಹಾಗೆಂದು ಎಲ್ ನಿನೋ ಬಂದೊಡನೆ ಬರ ಬಂದೇ ತೀರುವುದೆಂದು ತಿಳಿಯಬಾರದು. ೧೯೯೭ರಲ್ಲಿ ಅದು ಅತಿ ಪ್ರಬಲವಾಗಿದ್ದರೂ ದೇಶದ ಮುಂಗಾರು ವಾಡಿಕೆಯಂತೆಯೇ ನಡೆಯಿತು. ಪಂಚಾಂಗದ ಮಳೆಫಲ ತಪ್ಪಿದರೆ ನಗುವವರು ಈ ಉದಾಹರಣೆಯನ್ನೂ ನೆನಪಿನಲ್ಲಿಡಬಹುದು.

ವಾಕರನಂಥವರಿಗೆ ಈ ಶೋಧ ಸಾಧ್ಯವಾದದ್ದು ಅವರಿಗಿಂತ ಮುಂಚೆ ಅಲ್ಲಲ್ಲಿ ಯಾರೋ ಪ್ರತಿದಿನ ಅಂಕಿಗಳನ್ನು ಬರೆದಿಟ್ಟಿದ್ದರಿಂದ. ಈ ವಿಷಯದಲ್ಲಿ ನಮ್ಮನ್ನಾಳಿದ ಬ್ರಿಟನ್ನಿನವರ ಅಭ್ಯಾಸವನ್ನು ಮೆಚ್ಚದೆ ಗತ್ಯಂತರವಿಲ್ಲ. ಮಧ್ಯ ಇಂಗ್ಲೆಂಡಿನ ತಿಂಗಳುವಾರು ಉಷ್ಣತೆಯ ದಾಖಲೆ ೧೬೫೯ರಿಂದ ಇಂದಿನವರೆಗೆ ತುಂಡಾಗದೆ ಬಂದಿದೆ. ಶಿವಾಜಿ ಮಹಾರಾಜರು ಪ್ರತಾಪಗಡದಲ್ಲಿ ಅಫಜಲಖಾನನನ್ನು ಎದುರಿಸಿದ ವರ್ಷವದು! ೧೮೬೦ರಲ್ಲಿ ಜಾರ್ಜ್ ಜೇಮ್ಸ್ ಸೈಮನ್ಸ್ ಎಂಬಾತ ಮಳೆಯ ಅಳತೆಗೆಂದೇ ಸ್ವಯಂಸೇವಕರನ್ನು ಕಲೆಹಾಕತೊಡಗಿದ. ಮೊದಲು ನೂರೈವತ್ತಕ್ಕೆ ಸ್ವಲ್ಪ ಹೆಚ್ಚು ಜನ. ೧೯೦೦ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ ಮೂರು ಸಾವಿರಕ್ಕೂ ಮಿಕ್ಕಿ. ಅವರಲ್ಲಿ ಪಾದ್ರಿಗಳಿದ್ದರು, ವೈದ್ಯರಿದ್ದರು, ಜಮೀನುದಾರರಿದ್ದರು, ನಮ್ಮಂಥ ಮಾಸ್ತರರೂ ಇದ್ದರು. ಬೆಳಗಾಗೆದ್ದು ಅಂಗಳದ ಪಾತ್ರೆಯ ನೀರು ಅಳೆದು ಬರೆಯುವುದಷ್ಟೇ ಅವರ ಕೆಲಸ. ಆ ದ್ವೀಪದಲ್ಲಿ ೨೦೧೫ರ ಡಿಸೆಂಬರ್ ೫ರಂದು ಹಾನಿಸ್ಟರ್ ಎಂಬ ಕಣಿವೆಯಲ್ಲಿ ಇಪ್ಪತ್ನಾಲ್ಕು ತಾಸಿನಲ್ಲಿ ೩೪೧.೪ ಮಿಲಿಮೀಟರ್ ಮಳೆ ಬಿದ್ದಾಗ, ಇದು ದೇಶದ ಚರಿತ್ರೆಯಲ್ಲಿಯೇ ಹೆಚ್ಚೆಂದು ಹೇಳಲು ಸಾಧ್ಯವಾದದ್ದು ಇಂಥ ದಫ್ತರಗಳಿದ್ದುದರಿಂದ.

ಅದೇ ಬ್ರಿಟನ್ನಿನಲ್ಲಿ ೨೦೨೨ರ ಜುಲೈ ೧೯ರಂದು ಕೋನಿಂಗ್ಸ್‌ಬಿ ಎಂಬಲ್ಲಿ ಉಷ್ಣತೆ ೪೦.೩ ಡಿಗ್ರಿ ಸೆಲ್ಸಿಯಸಿಗೆ ಏರಿತು. ಅಲ್ಲಿ ನಲವತ್ತು ದಾಟಿದ್ದು ಅದೇ ಮೊದಲು. ರೈಲುಗಳು ನಿಂತವು, ಊರಂಚಿನ ಮನೆಗಳು ಬೆಂಕಿಗೆ ತುತ್ತಾದವು. ಈ ಸುದ್ದಿಯನ್ನು ತರಗತಿಯಲ್ಲಿ ಓದಿ ಹೇಳಿದಾಗ ಹುಡುಗರು ಗೊಳ್ಳೆಂದು ನಕ್ಕರು. ಅಥಣಿಯ ಏಪ್ರಿಲ್ ತಿಂಗಳಿನಲ್ಲಿ ನಲವತ್ತು ಎಂದರೆ ಯಾರೂ ತಲೆಯೆತ್ತಿ ನೋಡುವುದಿಲ್ಲವಷ್ಟೆ! ಆದರೆ ಬ್ರೇಮಾರ್ ಎಂಬ ಅವರ ಹಳ್ಳಿಯ ಮೈನಸ್ ೨೭.೨ ಡಿಗ್ರಿ ಚಳಿಯನ್ನು ನಮಗೆ ಒಂದು ರಾತ್ರಿ ಕೊಟ್ಟರೆ ನಗುವವರು ಅವರಾಗುತ್ತಾರೆ. ವಿಪರೀತವೆಂಬುದು ಅಂಕಿಯಲ್ಲಿಲ್ಲ; ಆ ನೆಲದ ಮನೆ, ಬೆಳೆ, ದೇಹಗಳು ಯಾವುದಕ್ಕೆ ಒಗ್ಗಿಕೊಂಡಿವೆಯೋ ಅದರಿಂದ ಎಷ್ಟು ದೂರ ಸರಿದಿದೆ ಎಂಬುದರಲ್ಲಿದೆ. ಚಿರಾಪುಂಜಿಯಲ್ಲಿ ೧೮೬೦ರ ಆಗಸ್ಟಿನಿಂದ ಹನ್ನೆರಡು ತಿಂಗಳಲ್ಲಿ ೨೬,೪೬೧ ಮಿಲಿಮೀಟರ್ ಮಳೆ ಸುರಿದು ಜಗತ್ತಿನ ದಾಖಲೆಯಾಯಿತು. ತೆಲಸಂಗದ ದ್ರಾಕ್ಷಿತೋಟಕ್ಕೆ ಕಾಯಿ ಮಾಗುವ ಹೊತ್ತಿನಲ್ಲಿ ಅದರ ಐನೂರನೆಯ ಒಂದು ಪಾಲು ಬಿದ್ದರೆ ಸಾಕು, ವರ್ಷದ ಬಾಳು ಮುಗಿಯಿತು.

ಈಗ ನೆರೆಗಳ ಲೆಕ್ಕಕ್ಕೆ ಬರೋಣ. ೨೦೦೫ರ ಜುಲೈ ೨೬ರಂದು ಮುಂಬಯಿಯ ಸಾಂತಾಕ್ರೂಜದಲ್ಲಿ ಒಂದೇ ದಿನ ೯೪೪ ಮಿಲಿಮೀಟರ್ ಮಳೆ. ಅದೇ ಪುಷ್ಯ ಮಳೆ ಘಟ್ಟದ ಮೇಲೆಯೂ ಸುರಿದು ನಮ್ಮ ಹೊಳೆಸಾಲನ್ನು ಮುಳುಗಿಸಿತು. ೨೦೦೯ರದು ವಿಚಿತ್ರ ಪ್ರಸಂಗ. ಮುಂಗಾರು ದೇಶದಾದ್ಯಂತ ವಾಡಿಕೆಯ ನೂರಕ್ಕೆ ೭೮ರಷ್ಟೇ ಆಗಿ, ಎಲ್ಲರೂ ಬರದ ಅರ್ಜಿ ಬರೆಯುತ್ತಿದ್ದಾಗ, ಸೆಪ್ಟೆಂಬರ್ ಕೊನೆಗೆ ಹಸ್ತ ಮಳೆ ಬಯಲುಸೀಮೆಯ ಮೇಲೆಯೇ ಸುರಿದು ವಿಜಾಪುರ, ಬಾಗಲಕೋಟೆ, ರಾಯಚೂರುಗಳನ್ನು ಕೊಚ್ಚಿತು. ಅದು ಬೀಗರಂತೆ ಬಂದ ನೆರೆಯಲ್ಲ, ಮನೆಯೊಳಗೆ ಹುಟ್ಟಿದ್ದು. ಹಳೆಯ ಮಣ್ಣಿನ ಮಾಳಿಗೆಗಳು ಅದರಲ್ಲಿ ಕುಸಿದಷ್ಟು ಬೇರೆ ಯಾವುದರಲ್ಲಿಯೂ ಕುಸಿಯಲಿಲ್ಲ ಎಂಬುದು ನನ್ನ ಎಣಿಕೆ. ಆಮೇಲೆ ೨೦೧೯ರ ಆಶ್ಲೇಷಾ. ತರುವಾಯ ೨೦೨೧ರ ಜುಲೈ ೨೨–೨೩ರ ಪುಷ್ಯ: ಮಹಾಬಳೇಶ್ವರದಲ್ಲಿ ಇಪ್ಪತ್ನಾಲ್ಕು ತಾಸಿಗೆ ೫೯೪.೪ ಮಿಲಿಮೀಟರ್. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ನಾಲ್ಕು ಸಾವಿರ ಲೀಟರಿಗೂ ಹೆಚ್ಚು ನೀರು. ಹಾಗಾದರೆ ಆ ಒಂದು ದಿನ ಎಕರೆಗೆ ಇಪ್ಪತ್ನಾಲ್ಕು ಲಕ್ಷ ಲೀಟರ್. ಅಥಣಿಯ ಒಂದು ವರ್ಷದ ಮಳೆ ಅಲ್ಲಿ ಒಂದು ಹಗಲು-ರಾತ್ರಿಯಲ್ಲಿ ಮುಗಿದುಹೋಯಿತು. ಹವಾಮಾನ ಇಲಾಖೆ ದಿನವೊಂದಕ್ಕೆ ೨೦೪.೫ ಮಿಲಿಮೀಟರ್ ಮುಟ್ಟಿದರೆ ಅದನ್ನು ಅತ್ಯಂತ ಭಾರೀ ಮಳೆಯೆಂದು ಕರೆಯುತ್ತದೆ. 

ಹದಿನಾರು ವರ್ಷಗಳಲ್ಲಿ ನಾಲ್ಕು ಸಲ ಹೀಗಾದದ್ದೇಕೆ? ಗಾಳಿ ಒಂದು ಡಿಗ್ರಿ ಹೆಚ್ಚು ಬಿಸಿಯಾದರೆ ನೂರಕ್ಕೆ ಸುಮಾರು ಏಳರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಹೊರಲು ಶಕ್ತಿ ಹೆಚ್ಚಾದ ಗಾಳಿ ಬಹುದಿನ ಸುರಿಸದೆ ಹೊತ್ತು ತಿರುಗುತ್ತದೆ, ಸುರಿಸಿದರೆ ಒಮ್ಮೆಲೇ ಸುರಿಸುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು ೨೦೧೭ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮಧ್ಯಭಾರತದಲ್ಲಿ ವಿಸ್ತಾರವಾಗಿ ಸುರಿಯುವ ಅತಿವೃಷ್ಟಿಯ ಪ್ರಸಂಗಗಳು ೧೯೫೦ರಿಂದ ೨೦೧೫ರ ಅವಧಿಯಲ್ಲಿ ಮೂರುಪಟ್ಟಾಗಿವೆ. ಒಟ್ಟು ಮಳೆ ಹೆಚ್ಚದೆ ಅದರ ಹಂಚಿಕೆ ಕೆಟ್ಟಿದೆ. ಮಳೆ ನಕ್ಷತ್ರಗಳ ಹೆಸರು ಹಿಡಿದು ಬಿತ್ತುವ ನಮ್ಮ ರೈತ ಇದನ್ನು ಯಾವ ಅಧ್ಯಯನವನ್ನೂ ಓದದೆ ಹೇಳುತ್ತಾನೆ: ಮೃಗಶಿರ ಆಡುವುದಿಲ್ಲ, ಆಡಬಾರದ ಹೊತ್ತಿನಲ್ಲಿ ಹಸ್ತ ಆಡುತ್ತದೆ.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ನಮ್ಮ ಅಕ್ಕನ ಮನೆ ಕೃಷ್ಣೆಯ ದಂಡೆಯ ಒಂದು ಹಳ್ಳಿಯಲ್ಲಿದೆ. ೨೦೦೫ರಲ್ಲಿ ನೀರು ಪಡಸಾಲೆಯ ಗೋಡೆಯ ಮೇಲೆ ಕಟ್ಟೆಯಿಂದ ಎರಡು ಮೊಳದೆತ್ತರಕ್ಕೆ ನಿಂತು ಕೆಸರಿನ ಗೆರೆ ಬಿಟ್ಟಿತ್ತು. ಭಾವನವರು ಅದನ್ನು ಅಳಿಸದೆ, ಮೇಲೆ ಸುಣ್ಣ ಹಚ್ಚುವಾಗಲೂ ಕಾವಿಯಿಂದ ತಿದ್ದಿ ಇಟ್ಟಿದ್ದರು. ೨೦೧೯ರಲ್ಲಿ ಹೊಳೆ ಏರುವ ಸುದ್ದಿ ಬಂದಾಗ ನಾನು ಅಲ್ಲಿಗೆ ಹೋಗಿದ್ದೆ. ಜೋಳದ ಚೀಲಗಳನ್ನು, ಹಾಸಿಗೆಗಳನ್ನು, ನನ್ನ ವಿದ್ವತ್ ಪರೀಕ್ಷೆಯ ಕಾಲದಿಂದ ಅಲ್ಲಿಯೇ ಇದ್ದ ಗುರುಗಳ ಕೈಬರಹದ ಟಿಪ್ಪಣಿಯ ಕಟ್ಟನ್ನು ಆ ಗೆರೆಗಿಂತ ಒಂದು ಮೊಳ ಮೇಲಿನ ಹಲಗೆಗೆ ಏರಿಸಿ, ಇನ್ನು ಚಿಂತೆಯಿಲ್ಲವೆಂದು ಹೇಳಿದವನು ನಾನೇ. ನೆರೆಮನೆಯ ಹುಡುಗನೊಬ್ಬ, ಎಲ್ಲವನ್ನೂ ಟ್ರ್ಯಾಕ್ಟರಿನಲ್ಲಿ ಹಾಕಿ ಸಾಗಿಸೋಣವೆಂದಾಗ ಅವನ ಮಾತನ್ನು ತಳ್ಳಿಹಾಕಿದೆ. ಜನ ಮತ್ತು ದನಗಳನ್ನು ಮಾತ್ರ ಹೊರಡಿಸಿದೆವು. ನೀರು ಹಲಗೆಯನ್ನು ದಾಟಿ ಜಂತಿಯ ಹತ್ತಿರಕ್ಕೆ ಹೋಯಿತು. ಎಂಟು ದಿನಗಳ ಬಳಿಕ ಬಂದು ನೋಡಿದಾಗ ಜೋಳ ಮೊಳೆತು ನಾರುತ್ತಿತ್ತು. ಟಿಪ್ಪಣಿಯ ಕಟ್ಟು ಕೈಗೆತ್ತಿಕೊಂಡರೆ ಹಿಟ್ಟಿನಂತೆ ಉದುರಿತು. ಅಕ್ಕ ಒಂದು ಮಾತೂ ಆಡಲಿಲ್ಲ.

ಸಾಂಗ್ಲಿಯ ಇರ್ವಿನ್ ಸೇತುವೆಯ ಮಾಪನಪಟ್ಟಿಯನ್ನು ಅಂದು ನೋಡಿದ್ದರೆ ನಾನು ಹಾಗೆ ಹೇಳುತ್ತಿರಲಿಲ್ಲ. ಅಲ್ಲಿ ಅಪಾಯದ ಮಟ್ಟ ೪೫ ಅಡಿ. ೨೦೦೫ರಲ್ಲಿ ನೀರು ೫೩ ಅಡಿ ದಾಟಿತ್ತು. ೨೦೧೯ರಲ್ಲಿ ೫೭ ಅಡಿಯನ್ನೂ ದಾಟಿತು. ಅಲ್ಲಿ ಏರಿದ ನೀರು ನಮ್ಮ ಕಡೆ ಇಳಿಯಲು ಒಂದೆರಡು ದಿನ ಹಿಡಿಯುತ್ತದೆ. ಅಷ್ಟು ಅವಕಾಶವಿತ್ತು, ಅಂಕಿ ಬಾನುಲಿಯಲ್ಲಿ, ದೂರದರ್ಶನದಲ್ಲಿ, ಎಲ್ಲರ ಕೈಯೊಳಗಿನ ಫೋನಿನಲ್ಲಿ ಬರುತ್ತಿತ್ತು. ಆದರೆ ನಾನು ಗೋಡೆಯ ಗೆರೆಯನ್ನು ಮೇರೆಯೆಂದು ಓದಿದೆ. ದಾಖಲೆಯೆಂದರೆ ಇದುವರೆಗೆ ಆದದ್ದರಲ್ಲಿ ಹೆಚ್ಚಿನದು ಎಂದಷ್ಟೇ ಅರ್ಥ. ಇದಕ್ಕಿಂತ ಹೆಚ್ಚಾಗದು ಎಂಬ ಅರ್ಥ ಅದಕ್ಕೆ ಯಾವ ನಿಘಂಟಿನಲ್ಲಿಯೂ ಇಲ್ಲ. ಅರ್ಥ ಹೇಳುವ ವೃತ್ತಿಯವನೇ ಇದರಲ್ಲಿ ಎಡವಿದನು.

ಗೆರೆಯಿದ್ದ ಮನೆಯಲ್ಲಿಯೇ ಹೀಗಾದರೆ ಗೆರೆಯಿಲ್ಲದ ಊರುಗಳ ಪಾಡೇನು? ಮಹಾಪೂರ ಇಳಿದ ವರ್ಷವೇ ಗೋಡೆಗಳು ಸುಣ್ಣ ಕಾಣುತ್ತವೆ. ಸ್ಥಳಾಂತರಕ್ಕಾಗಿ ಬೇಡಿಕೆಯಿಟ್ಟ ಹಳ್ಳಿಗಳಲ್ಲಿಯೇ ಹಳೆಯ ತಳಪಾಯದ ಮೇಲೆ ಹೊಸ ಮನೆ ಏಳುತ್ತದೆ. ಇದು ಜನರ ಮೂರ್ಖತನವೆಂದು ಪಟ್ಟಣದವರು ಹೇಳುವುದುಂಟು, ನನಗೆ ಹಾಗೆನ್ನಿಸದು. ಹೊಳೆಯ ಮಣ್ಣು ಎಕರೆಗೆ ಕೊಡುವ ಕಬ್ಬನ್ನು ಮಡ್ಡಿಯ ನಿವೇಶನ ಕೊಡುವುದಿಲ್ಲ. ಹೊಲ ದಂಡೆಯಲ್ಲಿ, ಮನೆ ಮೂರು ಮೈಲಿನಾಚೆ ಎಂದರೆ ದನ ಕಟ್ಟುವುದೆಲ್ಲಿ, ರಾತ್ರಿ ಪಂಪು ಹಚ್ಚುವವರು ಯಾರು? ಆ ಕಬ್ಬೇ ಬೇಸಗೆಯಲ್ಲಿ ಹೊಳೆಯನ್ನು ಬತ್ತಿಸುವವರಲ್ಲಿ ಒಂದೆಂಬ ಸತ್ಯವನ್ನೂ ನಾವು ಹೊಳೆಯ ಎರಡೂ ಬದಿಯವರು ಗಟ್ಟಿಯಾಗಿ ಹೇಳುವುದಿಲ್ಲ. ಬದಲಾಗಿ ನೆರೆ ಬಂದಾಗ ಅವರು ಆಲಮಟ್ಟಿಯತ್ತ ಬೆರಳು ತೋರುತ್ತಾರೆ, ಬರ ಬಂದಾಗ ನಾವು ಕೊಯ್ನೆಯತ್ತ. ಮಹಾರಾಷ್ಟ್ರ ಸರಕಾರ ೨೦೧೯ರ ಪ್ರವಾಹದ ಅಧ್ಯಯನಕ್ಕೆಂದು ನೇಮಿಸಿದ ನಂದಕುಮಾರ ವಡನೇರೆಯವರ ಸಮಿತಿಯೇ, ಸಾಂಗ್ಲಿ–ಕೊಲ್ಹಾಪುರಗಳ ಮುಳುಗಡೆಗೆ ಆಲಮಟ್ಟಿಯ ಹಿನ್ನೀರು ಕಾರಣವಲ್ಲವೆಂದು ೨೦೨೦ರಲ್ಲಿ ವರದಿಯಿತ್ತಿತು. ಅಂಕಿಗಳಿದ್ದುದರಿಂದ ಆ ಮಾತು ಹೇಳಲು ಬಂದಿತು.

ಮಳೆಯನ್ನು ಅಳೆಯುವ ವಿದ್ಯೆ ನಮಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಷ್ಠಾಗಾರದ ಮುಂದೆ ಮೊಳದಗಲ ಬಾಯಿಯ ಕುಂಡವನ್ನಿಟ್ಟು ಮಳೆ ಅಳೆಯಬೇಕೆಂಬ ವಿಧಿಯಿದೆ. ಯಾವ ದೇಶದಲ್ಲಿ ಎಷ್ಟು ದ್ರೋಣ ಮಳೆಯಾದರೆ ಬಿತ್ತನೆ ಸಾಧ್ಯವೆಂಬ ಪಟ್ಟಿಯೂ ಇದೆ. ಈಗ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯತಿಗಳಲ್ಲಿ ತಾವಾಗಿ ಸುದ್ದಿ ಕಳಿಸುವ ಮಳೆಮಾಪಕಗಳನ್ನು ನಿಲ್ಲಿಸಿದ್ದಾರೆ. ಆ ಸುದ್ದಿ ಬೆಂಗಳೂರಿಗೆ ಹೋಗುತ್ತದೆ. ಊರಿನ ಹುಡುಗನಿಗೆ ಮಾತ್ರ ತಿಳಿಯುವುದಿಲ್ಲ. ಶಾಲೆಗೆ ಬೇಕಾದದ್ದು ನೆಟ್ಟಗಿನ ಗೋಡೆಯ, ಸಮತಳದ ಒಂದು ಪಾತ್ರೆ ಮತ್ತು ಮಿಲಿಮೀಟರ್ ಗುರುತಿನ ಒಂದು ಅಳತೆಪಟ್ಟಿ. ಗಿಡ, ಗೋಡೆಗಳ ಎತ್ತರದ ಎರಡರಷ್ಟು ದೂರದಲ್ಲಿ ಅದನ್ನಿಟ್ಟು, ಬೆಳಗಿನ ಎಂಟೂವರೆಗೆ ಓದಿ ಬರೆಯಬೇಕು. ೨.೫ ಮಿಲಿಮೀಟರಾದರೆ ಇಲಾಖೆಯ ಲೆಕ್ಕದಲ್ಲಿ ಅದು ಮಳೆಯ ದಿನ. ಮಳೆಯಿಲ್ಲದ ದಿನ ಸೊನ್ನೆ ಬರೆಯಬೇಕೇ ಹೊರತು ಖಾಲಿ ಬಿಡಕೂಡದು. ಬಿಟ್ಟರೆ ಮಳೆ ಬರಲಿಲ್ಲವೋ ಬರೆಯುವವನು ಬರಲಿಲ್ಲವೋ ಎಂದು ಮುಂದಿನವರಿಗೆ ತಿಳಿಯದು. ಹೊಳೆಸಾಲಿನ ಊರುಗಳಿಂದ ಬರುವ ವಿದ್ಯಾರ್ಥಿಗಳಿಗೆ ಇನ್ನೊಂದು ಕೆಲಸವನ್ನೂ ನಾನು ಕೊಟ್ಟಿದ್ದೇನೆ. ೨೦೦೫, ೨೦೧೯, ೨೦೨೧ರಲ್ಲಿ ತಮ್ಮ ಊರಿನ ಗುಡಿಯ ಯಾವ ಮೆಟ್ಟಿಲಿಗೆ, ಶಾಲೆಯ ಯಾವ ಕಿಟಕಿಗೆ ನೀರು ಮುಟ್ಟಿತ್ತೆಂದು ಹಿರಿಯರನ್ನು ಕೇಳಿ, ಇಬ್ಬರು ಬೇರೆಬೇರೆಯಾಗಿ ಹೇಳಿದರೆ ಎರಡನ್ನೂ ಬರೆದು ತರಬೇಕು. ತಂದ ಹಾಳೆಗಳನ್ನು ಗ್ರಂಥಾಲಯದಲ್ಲಿ ಕಟ್ಟಿ ಇಟ್ಟಿದೆ; ಹಳೆಯ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಅದಕ್ಕೂ ಹಿಂದಿನ ನೀರಿನ ಗುರುತು ಗೊತ್ತಿದ್ದರೆ ಒಂದು ಕಾರ್ಡು ಬರೆದರೂ ಸಾಕು.

ಕಳೆದ ಸಲ ಅಕ್ಕನ ಮನೆಗೆ ಹೋದಾಗ ಮದುವೆಯ ನಿಮಿತ್ತ ಪಡಸಾಲೆಗೆ ಬಣ್ಣ ಹಚ್ಚುತ್ತಿದ್ದರು. ಕೆಳಗಿನ ಕಾವಿಯ ಗೆರೆ ಹಾಗೆಯೇ ಇತ್ತು. ಜಂತಿಯ ಬಳಿಯ ಎರಡನೆಯ ಗೆರೆಯನ್ನೂ ಬಣ್ಣದವನು ಬಿಟ್ಟಿದ್ದ. ಅದರ ಕೆಳಗೆ ಅಕ್ಕನ ಮೊಮ್ಮಗ ಏಣಿ ಹತ್ತಿ ಆಗಸ್ಟ್ ೨೦೧೯ ಎಂದು ಬರೆಯುತ್ತಿದ್ದ.